ಖಂಡಪ್ಪನವರು ಬಿಟ್ಟ ಖಾಲಿ ಜಾಗ

ಯಾದಗಿರಿಯ ‘ಹೊಳೆದಂಡೆ’ ದಿನಪತ್ರಿಕೆಗೆ ಮೂವತ್ತು ವರ್ಷ ತುಂಬುತ್ತಿದ್ದ ಕಾಲವದು. ಅಷ್ಟೂ ವರ್ಷ ಅದರ ಸೀಸದ ಅಕ್ಷರಗಳನ್ನು ಒಂದೊಂದಾಗಿ ಆಯ್ದು ಜೋಡಿಸಿದವರು ಖಂಡಪ್ಪನವರು. ಮೊದಲ ಸಂಚಿಕೆಯನ್ನು ಸಂಪಾದಕ ಮೈನುದ್ದೀನ ಸಾಹೇಬರು ತಾವೇ ಸೈಕಲ್ಲಿಗೆ ಹೇರಿಕೊಂಡು ಸ್ಟೇಷನ್ನಿನ ತನಕ ಮಾರಿಕೊಂಡು ಬಂದಿದ್ದರು. ಆ ದಿನ ಒಂದು ಸಾಲು ತಲೆಕೆಳಗಾಗಿ ಅಚ್ಚಾಗಿತ್ತು. ಅದನ್ನು ನೆನೆದು ಇಬ್ಬರೂ ಈಗಲೂ ನಗುತ್ತಿದ್ದರು.

ಆಗ ಪತ್ರಿಕೆಯಲ್ಲಿ ಚಿತ್ರ ಬರಬೇಕಾದರೆ ಸತುವಿನ ತಗಡಿನ ಬ್ಲಾಕು ಬೇಕಾಗುತ್ತಿತ್ತು. ಅದನ್ನು ಹೈದರಾಬಾದಿನಲ್ಲಿ ಮಾಡಿಸಿ ತರಬೇಕು. ಆದ್ದರಿಂದ ಒಮ್ಮೆ ಬಂದ ಬ್ಲಾಕನ್ನು ಯಾರೂ ಎಸೆಯುತ್ತಿರಲಿಲ್ಲ. ಖಂಡಪ್ಪನವರ ಮರದ ಪೆಟ್ಟಿಗೆಯಲ್ಲಿ ಮಂತ್ರಿಗಳಿದ್ದರು, ಎತ್ತುಗಳಿದ್ದವು, ಅಬ್ಬೆತುಮಕೂರಿನ ಮಠವಿತ್ತು. ಎರಡೂ ದಂಡೆ ತುಂಬಿ ಹರಿಯುವ ಕಾಲುವೆಯೂ ಇತ್ತು. ಕೃಷ್ಣೆಯ ನೀರು ಶಹಾಪುರದ ಕಡೆಗೆ ಬಂದ ಹೊಸತರಲ್ಲಿ ತೆಗೆದ ಚಿತ್ರ ಅದು. ಪ್ರತಿ ಮಳೆಗಾಲದಲ್ಲಿ ನೀರು ಬಿಟ್ಟ ಸುದ್ದಿಯ ಪಕ್ಕ ಅದೇ ಬ್ಲಾಕು ಕೂರುತ್ತಿತ್ತು. ಓದುಗರೂ ಕೇಳಲಿಲ್ಲ, ಇವರೂ ಯೋಚಿಸಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಕಾಲುವೆಗೆ ನೀರು ಬಿಡುವ ಕಚೇರಿಯಿಂದ ‘ಕೊನೆಯ ಹಳ್ಳಿಗೂ ನೀರು ತಲುಪಿದೆ’ ಎಂಬ ಸುದ್ದಿಯ ಚೀಟಿ ಬಂತು. ಖಂಡಪ್ಪನವರು ಅದನ್ನು ಜೋಡಿಸಿ, ಮೊದಲ ಪುಟದಲ್ಲಿ ಆ ಚಿತ್ರ ಕೂರಿಸಿದರು.

ನಾಲ್ಕನೆಯ ದಿನ ಅವರ ತಂಗಿ ಸುಗಲಮ್ಮ ಮುದ್ರಣಾಲಯದ ಬಾಗಿಲಲ್ಲಿ ಬಂದು ನಿಂತಳು. ಅವಳನ್ನು ಕೊಟ್ಟದ್ದು ಶಹಾಪುರದಾಚೆ, ಕಾಲುವೆ ಮುಗಿಯುವ ಆ ಊರಿಗೇ.

“ಯಣ್ಣಾ, ನಮ್ಮೂರ ಕಾಲುವ್ಯಾಗ ಕುರಿ ಮಲಗ್ಯಾವ. ನೀ ನೋಡಿದ್ರ ದಂಡಿ ಮುಳುಗೋವಷ್ಟು ನೀರು ಬಿಟ್ಟೀದಿ!”

“ನಾನೇನು ಬಿಟ್ಟೆವ್ವ?”

“ಮತ್ತ್ಯಾರು? ಹತ್ತು ಮಂದಿ ನೀರಿನ ಕಚೇರಿಗಿ ಹೋದ್ರ, ಅಲ್ಲಿನ ಸಾಹೇಬ ನಿಮ್ಮ ಪೇಪರ್ ತಗದು ಮುಂದಿಟ್ಟಾನ. ಫೋಟೋನ ಬಂದದ, ಇನ್ನೆಷ್ಟು ನೀರು ಬೇಕು, ಹೋಗ್ರಿ ಅಂದಾನ. ನೆಲ್ಲಿನ ಸಸಿ ಹಳದಿ ಬಿದ್ದಾವ. ಇನ್ನೊಂದು ವಾರ ತಡದ್ರ ನಾಟಿಗಿ ಒಂದೂ ಉಳಿಯಂಗಿಲ್ಲ.”

ಖಂಡಪ್ಪನವರು ಮಸಿ ಹತ್ತಿದ ತಮ್ಮ ಬೆರಳುಗಳನ್ನೇ ನೋಡಿಕೊಂಡರು. ತಂಗಿಯನ್ನು ಕೂರಿಸಿ, ನೀರು ಕೊಟ್ಟು, ಸಂಪಾದಕರ ಕೋಣೆಗೆ ಹೋದರು.

ಎಲ್ಲ ಕೇಳಿದ ಸಾಹೇಬರು, “ಒಳಗಿನ ಪುಟದಾಗ ಎರಡು ಸಾಲು ತಿದ್ದುಪಡಿ ಹಾಕು” ಎಂದರು.

“ಚಿತ್ರ ಮೊದಲ್ನೇ ಪುಟದಾಗ ಇತ್ತಲ್ರಿ. ಎರಡು ಸಾಲು ಯಾರು ನೋಡ್ತಾರ?”

“ಒಣ ಕಾಲುವಿ ಬ್ಲಾಕು ಎಲ್ಲಿಂದ ತರ್ಲೋ? ಹೈದ್ರಾಬಾದಿನಿಂದ ಬರೋತನಕ ಸಸಿ ಸಾಯ್ತಾವ.”

“ಬ್ಲಾಕು ಬ್ಯಾಡ್ರಿ. ಆ ಜಾಗ ಖಾಲಿ ಬಿಡ್ತೀನಿ.”

ಸಾಹೇಬರು ಕನ್ನಡಕ ತೆಗೆದರು. “ಮೂವತ್ತು ವರ್ಷದಾಗ ಒಂದು ಬೆರಳು ಜಾಗ ಖಾಲಿ ಬಿಟ್ಟಿಲ್ಲ ಖಂಡಪ್ಪ. ಏನೂ ಸಿಗಲಿಲ್ಲಂದ್ರ ಬೀಡಿ ಜಾಹೀರಾತರ ತುಂಬೀವಿ. ಮಂದಿ ನಗ್ತಾರ.”

“ನಗ್ಲಿ ಬಿಡ್ರಿ. ನಗಾಕರ ನೋಡಬೇಕಲ್ಲ.”

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡರು. ಕಾಗದ ಎಳೆದುಕೊಂಡು ತಾವೇ ಬರೆದರು. ಮರುದಿನ ಮೊದಲ ಪುಟದಲ್ಲಿ ಒಂದು ಬಿಳಿ ಚೌಕ, ಅದರ ಕೆಳಗೆ ಮೂರು ಸಾಲು: ‘ಎಂಟು ವರ್ಷಗಳಿಂದ ಇಲ್ಲಿ ಒಂದೇ ಚಿತ್ರ ಹಾಕಿದೆವು. ಕೊನೆಯ ಹಳ್ಳಿಯ ಕಾಲುವೆಯನ್ನು ನಾವು ನೋಡಿರಲಿಲ್ಲ. ಅಲ್ಲಿ ನೀರಿಲ್ಲ.’

ಬಜಾರಿನಲ್ಲಿ ಜನ ನಕ್ಕರು. “ಸಾಹೇಬ್ರ, ಮಸಿ ತೀರ್ತೇನ್ರಿ?” ಎಂದು ಚಹಾದಂಗಡಿಯವನು ಕೂಗಿದ. ಆದರೆ ಶಹಾಪುರ, ಸುರಪುರ, ರಂಗಂಪೇಟೆಗಳಲ್ಲಿ ಆ ದಿನದ ಪತ್ರಿಕೆ ಕೈಯಿಂದ ಕೈಗೆ ಹೋಯಿತು. ಎರಡು ದಿನ ಕಳೆದ ಮೇಲೆ ಎಂಜಿನಿಯರರ ಜೀಪು ಕೊನೆಯ ಹಳ್ಳಿಗೆ ಹೋಯಿತು. ಮೇಲಿನ ಊರುಗಳು ನೀರು ಎಳೆದುಕೊಳ್ಳುತ್ತಿದ್ದ ತೂಬುಗಳ ಬಾಗಿಲು ಇಳಿಸಿದರು. ಶನಿವಾರ ನೀರು ಬಂತು.

ಭಾನುವಾರ ಖಂಡಪ್ಪನವರು ಬಸ್ಸು ಹಿಡಿದು ಹೋದರು. ನಾಟಿ ನಡೆದಿತ್ತು. ಸುಗಲಮ್ಮ ಬಗ್ಗಿದ ತಲೆ ಎತ್ತದೆಯೇ ಹೇಳಿದಳು: “ಅರ್ಧ ಉಳದಾವ. ಅರ್ಧ ನಿನ್ನ ಫೋಟೋ ತಿಂತು.”

ಖಂಡಪ್ಪನವರು ಧೋತರ ಎತ್ತಿ ಕಟ್ಟಿ ಕಾಲುವೆಗೆ ಇಳಿದರು.

“ಅಲ್ಲ್ಯಾಕ ಇಳದಿ? ಬಂದು ಸಸಿ ಹಿಡಿ!”

“ಇರವ್ವ, ನೀರು ಎಷ್ಟದ ನೋಡಾಕತ್ತೀನಿ. ನಾಳಿನ ಪೇಪರಿಗಿ ಬೇಕು.”

ಮೀನಖಂಡದ ತನಕ ಇತ್ತು. ಮರುದಿನ ಪತ್ರಿಕೆಯಲ್ಲಿ ನೀರು ಅಷ್ಟೇ ಎಂದು ಬಂತು. ನೋಡಿ ಬಂದವರು ಖಂಡಪ್ಪ ಎಂಬ ಮಾತೂ ಜೊತೆಗಿತ್ತು.