ಇನ್ನೊಂದು ವಾರ ತಡೆದ ಹೊರೇಸ್

ಮದುವೆಯ ದಿನ ಮದುಮಗಳನ್ನೇ ದಡದಲ್ಲಿ ಬಿಟ್ಟು ಹೋದವನ ಮನೆ ಯಾವುದೆಂದು ಕೇಳಿದರೆ, ನಮ್ಮ ಟೆನ್ಬಿಯಲ್ಲಿ ಇಂದಿಗೂ ಹೊರೇಸ್ ಪೆಂಡ್ಲ್‌ನ ಮನೆ ತೋರಿಸುತ್ತಾರೆ.

ಹೊರೇಸ್ ನಮ್ಮ ಸರೋವರದ ಲಾಂಚಿನಲ್ಲಿ ಕೆಲಸಕ್ಕಿದ್ದ. ಕಾರು, ಲಾರಿಗಳನ್ನು ಹೊತ್ತು ಆಚೆ ದಡಕ್ಕೆ ದಾಟಿಸುವ ಲಾಂಚು ಅದು. ಅವನು ಅಂಗೈ ಎತ್ತಿದರೆ ಗಾಡಿಗಳು ನಿಲ್ಲಬೇಕು, ಕೈ ಬೀಸಿದರೆ ಬರಬೇಕು, ಹೊತ್ತಾದ ಕೂಡಲೇ ಅವನು ಅಡ್ಡ ಸರಪಳಿ ಎಳೆಯಬೇಕು. ಇಷ್ಟೇ ಕೆಲಸ. ಆದರೆ ಆ ಸರಪಳಿ ಎಳೆಯುವಾಗಿನ ಅವನ ಗತ್ತು ನೋಡಿದರೆ, ಸೂರ್ಯ ಹುಟ್ಟುವುದಕ್ಕೂ ಇವನ ಅಪ್ಪಣೆ ಬೇಕೇನೋ ಎನ್ನಿಸುತ್ತಿತ್ತು.

ಮದುವೆಯ ದಿನ ಅವನಿಗೆ ರಜೆಯಿತ್ತು. ಚರ್ಚು ಇದ್ದದ್ದು ಆಚೆ ದಡದಲ್ಲಿ. ಲಾಂಚು ಹೊರಡುವ ಹೊತ್ತಿಗೆ ಮದುಮಗಳು ಈಡಿತ್, ಮರೆತ ಹೂಗುಚ್ಛ ತರಲು ಮನೆಗೆ ಓಡಿದಳು. ಅಂದು ಸರಪಳಿಯ ಬಳಿ ಇದ್ದ ಪುಣ್ಯಾತ್ಮ, ಬರಲಿ ಪಾಪ ಎಂದು ಕಾದು ನಿಂತ. ಹೊರೇಸ್ ಮದುವೆಯ ಕೋಟಿನಲ್ಲೇ ಹೋಗಿ, ಅವನನ್ನು ಪಕ್ಕಕ್ಕೆ ಸರಿಸಿ, ತಾನೇ ಸರಪಳಿ ಎಳೆದ. ವರ, ಪಾದ್ರಿ, ಕೇಕು ಮೂರೂ ಸಕಾಲಕ್ಕೆ ದಾಟಿದವು. ವಧು ಮುಂದಿನ ಲಾಂಚಿಗೆ ಬಂದಳು.

“ಲಾಂಚು ಯಾರಿಗೂ ಕಾಯಲ್ಲ,” ಎಂದು ಅವನು ಚರ್ಚಿನ ಮೆಟ್ಟಿಲ ಮೇಲೆ ಅವಳಿಗೆ ಹೇಳಿದನಂತೆ. ಅವಳು ಆ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡಳು.

ಇಂಥವನು ನಿವೃತ್ತನಾದ ಮೇಲೆ ಮೀನಿಗಾಗಿ ಕಾಯತೊಡಗಿದ.

ನಮ್ಮ ಸರೋವರದ ಕೊಕನಿ ಸಾಲ್ಮನ್ ಜಾತಿಯದೇ ಆದರೂ ಕಡಲಿನ ಮುಖ ಕಂಡ ಮೀನಲ್ಲ. ಬೇಸಿಗೆಯುದ್ದಕ್ಕೂ ಬೆಳ್ಳಿಯಂತೆ ಹೊಳೆಯುತ್ತಾ ತಿಂದು ಬಲಿಯುತ್ತದೆ. ತಾನು ಹುಟ್ಟಿದ ತೊರೆಗೆ ಮರಳಿ ಮೊಟ್ಟೆಯಿಡುವ ಕಾಲ ಬಂದಿತೋ, ಊಟ ಬಿಡುತ್ತದೆ. ಮೈ ಕೆಂಪಾಗುತ್ತದೆ, ಗಂಡಿನ ಬೆನ್ನು ಗೂನಾಗಿ ಮೂತಿ ಕೊಕ್ಕೆಯಾಗುತ್ತದೆ, ಮಾಂಸದ ಸತ್ವವೆಲ್ಲ ಇಂಗಿಹೋಗುತ್ತದೆ. ಆಮೇಲೆ ಅದನ್ನು ಬೇಯಿಸಿ ತಿನ್ನುವುದೂ ಒಂದೇ, ನೆನೆದ ರಟ್ಟನ್ನು ಅಗಿಯುವುದೂ ಒಂದೇ. ಕೊಕನಿಗೆ ಗಾಳ ಹಾಕುವವನ ಸಂಕಟವೆಲ್ಲ ಇಲ್ಲಿದೆ. ದಿನ ಕಳೆದಷ್ಟೂ ಮೀನು ದೊಡ್ಡದಾಗುತ್ತದೆ, ಒಂದು ದಿನ ಹೆಚ್ಚು ಕಳೆದರೆ ಏನೂ ಉಳಿಯುವುದಿಲ್ಲ.

ಸೇಬಿನ ಕೊಯ್ಲು ಮುಗಿದ ಮೇಲಿನ ಶನಿವಾರ ಸಭಾಭವನದಲ್ಲಿ ಊರೂಟ ನಡೆಯುತ್ತದೆ. ಅಲ್ಲಿ ಮೀನಿನ ಮೇಜು ಹಲವು ವರ್ಷಗಳಿಂದ ಹೊರೇಸನದು. ಆ ಮೇಜಿನ ಹಿಂದೆ ಬಿಳಿಯ ಏಪ್ರನ್ ಕಟ್ಟಿ ನಿಂತ ದಿನ ಅವನಿಗೆ ಪಟ್ಟಾಭಿಷೇಕ. ಉಳಿದ ದಿನಗಳಲ್ಲಿ ಆ ಪಟ್ಟಾಭಿಷೇಕವನ್ನು ನೆನೆಯುತ್ತಿದ್ದ.

ಪ್ರತಿಸ್ಪರ್ಧಿ ಒಬ್ಬಳೇ, ಪಕ್ಕದ ಮನೆಯ ವಿಧವೆ ಫೆನ್ಯಾ ಕಲ್ಮಕಾಫ್. ಅವಳ ತವರಿನಲ್ಲಿ ಮಾಂಸ, ಮೀನು ಒಲೆಯ ಹತ್ತಿರ ಸುಳಿದದ್ದಿಲ್ಲ; ಅವಳೂ ತಿನ್ನುತ್ತಿರಲಿಲ್ಲ. ಆದರೆ ಗಂಡನ ದೋಣಿ ಸುಮ್ಮನೆ ಕೊಳೆಯಬಾರದೆಂದು ಜುಲೈ, ಆಗಸ್ಟಿನಲ್ಲಿ ಕೊಕನಿ ಹಿಡಿದು, ಗಾಜಿನ ಜಾಡಿಗಳಲ್ಲಿ ಬೇಯಿಸಿ ಮುಚ್ಚಿ ಊರಿಗೆಲ್ಲ ಹಂಚುತ್ತಿದ್ದಳು. ತಾನು ಬೀಟ್‌ರೂಟಿನ ಸಾರು ಕುಡಿದು ಸುಖವಾಗಿದ್ದಳು. ರುಚಿಯನ್ನೇ ನೋಡದವಳ ಕೈಯಡುಗೆಯನ್ನು ಜನ ಹೊಗಳುವುದು ಹೊರೇಸನಿಗೆ ನುಂಗಲಾರದ ಮುಳ್ಳಾಗಿತ್ತು.

ಆ ವರ್ಷ ಆಗಸ್ಟಿನ ಕೊನೆಯಲ್ಲಿ, ಲಾಂಚಿಗೆ ಕಾಯುತ್ತಿದ್ದ ಗಾಡಿಗಳ ಸಾಲಿನ ಮುಂದೆಯೇ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು.

“ಹೊರೇಸ್, ಈ ಸಲ ಮೀನಿಗೆ ಬೇಗ ಹೋಗಪ್ಪಾ,” ಎಂದಳು ಫೆನ್ಯಾ. “ಎಷ್ಟು ಮಳೆ ಸುರೀತು ನೋಡಿದ್ಯಲ್ಲ, ತೊರೆ ತುಂಬಿ ಆಗ್ಲೇ ತಣ್ಣಗಾಗಿದೆ. ನಿನ್ನೆ ಸಿಕ್ಕ ಗಂಡುಗಳ ಮೂತಿ ಸೊಟ್ಟಗಾಗ್ತಿದೆ.”

“ನಿನ್ನ ನೋಡಿ ಮೂತಿ ಸೊಟ್ಟ ಮಾಡಿರ್ತವೆ.”

“ನನ್ನ ನೋಡಿದ್ರೆ ದೋಣಿಗೇ ಹಾರ್ತವೆ. ನಿನ್ನ ನೋಡಿದಾಗ್ಲೇ ನಾಚಿಕೆಯಿಂದ ಕೆಂಪಾಗೋದು.”

ಗಾಡಿಗಳಲ್ಲಿದ್ದವರೆಲ್ಲ ನಕ್ಕರು. ಹೊರೇಸ್ ಗುಡ್ಡದ ಕಡೆ ಕೈ ತೋರಿಸಿದ. “ಆ ಬರ್ಚ್ ಮರದ ಎಲೆ ಹಳದಿ ಆಗೋವರೆಗೂ ಕೊಕನಿ ತೊರೆ ಹತ್ತಲ್ಲ. ಇನ್ನೊಂದು ವಾರ ತಡಿ, ಒಂದೊಂದೂ ನನ್ನ ಮೊಣಕೈ ಉದ್ದ ಇರುತ್ತೆ.”

“ಮೀನೇನು ಮರ ನೋಡ್ಕೊಂಡು ಹೊರಡುತ್ತಾ? ನೀರು ನೋಡಿ ಹೊರಡೋದು ಕಣೋ.”

“ತಿನ್ನದೇ ಇರೋಳು ನಂಗೆ ಮೀನಿನ ಪಾಠ ಹೇಳ್ತಾಳೆ! ಕೇಳಿಸ್ಕೋ ಫೆನ್ಯಾ, ಊರೂಟಕ್ಕೆ ನಾನು ಬೆಳ್ಳಿ ಮೀನು ತರದಿದ್ರೆ, ನಿನ್ನ ಜಾಡಿ ನಾನೇ ಹೊತ್ತು ತಂದು ಬಡಿಸ್ತೀನಿ. ಆಮೇಲೆ ಆ ಮೇಜು ನಿಂದೇ.”

“ಎಲ್ರೂ ಕೇಳಿಸ್ಕೊಂಡ್ರಲ್ಲಾ?” ಎಂದು ಈಡಿತ್ ಕಾರಿನೊಳಗಿಂದಲೇ ಸಾಕ್ಷಿ ಕರೆದಳು.

ಹೊರೇಸ್ ಜಗಲಿಯಲ್ಲಿ ಕುರ್ಚಿ ಹಾಕಿ, ದುರ್ಬೀನು ಹಿಡಿದು ಬರ್ಚ್ ಮರ ನೋಡುತ್ತಾ ಕುಳಿತ. ಮಳೆ ಕುಡಿದ ಮರ ಹಿಂದೆಂದೂ ಇಲ್ಲದಷ್ಟು ಹಸಿರಾಗಿತ್ತು. ಒಂದು ವಾರ ಕಳೆಯಿತು, ಮತ್ತೊಂದು ಕಳೆಯಿತು. ತೊರೆಯ ಬಾಯಿಯ ಮೇಲೆ ಹದ್ದುಗಳು ಸುತ್ತತೊಡಗಿದವು. ಅವನ ದುರ್ಬೀನು ಮರವನ್ನು ಬಿಟ್ಟು ಅತ್ತ ತಿರುಗಲಿಲ್ಲ.

“ನಂಗೆ ಒಂದು ಹೂವು ತರೋಷ್ಟು ಹೊತ್ತು ಕೊಡದ ಗಂಡಸು,” ಎಂದು ಈಡಿತ್ ಬಟ್ಟೆ ಒಣಹಾಕುತ್ತಾ ಹೇಳಿದಳು, “ಮೀನಿಗೆ ವಾರಗಟ್ಟಲೆ ಕೊಡ್ತಾನೆ.”

ಊರೂಟಕ್ಕೆ ಕೆಲವೇ ದಿನ ಉಳಿದಾಗ ಮರದ ತುದಿಯಲ್ಲಿ ಒಂದು ಎಲೆ ಹಳದಿಯಾಯಿತು. ಹೊರೇಸ್ ದೋಣಿ ನೂಕಿದ. ಬೀಟ್‌ರೂಟಿನ ನೀರಲ್ಲಿ ಅದ್ದಿ ಕೆಂಪಗೆ ಮಾಡಿದ ಮೆಕ್ಕೆಜೋಳದ ಕಾಳನ್ನು ಗಾಳಕ್ಕೆ ಸಿಕ್ಕಿಸಿ, ಸರೋವರದ ನಡುವೆ ಬೆಳಗಿನಿಂದ ಮಧ್ಯಾಹ್ನದವರೆಗೆ ಸುತ್ತಿದ. ಗಾಳ ಅಲುಗಲೇ ಇಲ್ಲ. ಕೊನೆಗೆ ತೊರೆಯ ಬಾಯಿಗೆ ಎಷ್ಟು ಹತ್ತಿರ ಹೋಗಲು ಕಾನೂನು ಬಿಡುತ್ತದೋ ಅಷ್ಟು ಹತ್ತಿರ ಹೋದ. ಅಲ್ಲಿ ಕಚ್ಚಿದವು. ಆ ಕಾಲದ ಕೊಕನಿ ಹಸಿವಿನಿಂದ ಕಚ್ಚುವುದಿಲ್ಲ, ದಾರಿಗೆ ಅಡ್ಡ ಬಂದದ್ದೇನೆಂಬ ಸಿಟ್ಟಿನಿಂದ ಕಚ್ಚುತ್ತದೆ. ಎಳೆದು ನೋಡಿದರೆ ಗೂನು ಬೆನ್ನು, ಕೊಕ್ಕೆ ಮೂತಿ, ಇಟ್ಟಿಗೆಯ ಬಣ್ಣ. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ.

ದಡಕ್ಕೆ ಬಂದವನು ನೇರವಾಗಿ ತೊರೆಯ ಸೇತುವೆಗೆ ನಡೆದ. ಮೀನು ಹತ್ತುವುದನ್ನು ನೋಡಲು ಅರ್ಧ ಊರೇ ಅಲ್ಲಿ ನಿಂತಿತ್ತು. ಕೆಳಗೆ ನೀರು ಕಾಣಿಸುತ್ತಿರಲಿಲ್ಲ, ಬರೀ ಕೆಂಪು ಬೆನ್ನುಗಳು. ಹೊರೇಸ್ ಕಂಬಿ ಹಿಡಿದು ಬಗ್ಗಿದ; ಅವನ ಬಲಗೈ ತಾನಾಗಿ ಮೇಲೆದ್ದು, ಅಂಗೈ ಮುಂದೆ ಮಾಡಿ ನಿಂತಿತು. ಅವನ ಆ ಅಂಗೈಗೆ ಮರದ ದಿಮ್ಮಿ ಹೊತ್ತ ಲಾರಿಗಳೇ ನಿಲ್ಲುತ್ತಿದ್ದವು.

“ಇನ್ನೂ ಸ್ವಲ್ಪ ಮೇಲೆ ಎತ್ತು, ಹೊರೇಸ್,” ಎಂದಳು ಈಡಿತ್ ಹಿಂದಿನಿಂದ. “ಅವಕ್ಕೆ ಕಾಣಿಸ್ತಿಲ್ಲ.”

ಮಾನವಂತನಾದರೆ ಅಲ್ಲಿಗೇ ಸೋಲೊಪ್ಪುತ್ತಿದ್ದ. ಹೊರೇಸ್ ಮಾತ್ರ ಆ ಕೆಂಪು ಮೀನುಗಳನ್ನೇ ಸಿಗಿದು, ಕಂದು ಸಕ್ಕರೆ, ಉಪ್ಪು, ಮೆಣಸು ಮೆತ್ತಿ, ಸೇಬಿನ ಕಟ್ಟಿಗೆಯ ಹೊಗೆಯಲ್ಲಿ ನೇತುಹಾಕಿದ. ಮೂಲ ಬಣ್ಣ ಯಾರಿಗೂ ತಿಳಿಯದಷ್ಟು ಕಪ್ಪಾದ ಮೇಲೆ ಇಳಿಸಿ, ಏಪ್ರನ್ ಕಟ್ಟಿ, ಊರೂಟದಲ್ಲಿ ಮೇಜಿನ ಹಿಂದೆ ನಿಂತ.

ಟೆನ್ಬಿಯ ಜನ ಮಹಾ ಮರ್ಯಾದಸ್ಥರು. ಮನೆಗೆ ಬೆಂಕಿ ಬಿದ್ದರೂ ‘ಬೆಚ್ಚಗಿದೆ’ ಎನ್ನುವವರು. ಪಾದ್ರಿ ಬಹಳ ಹೊತ್ತು ಅಗಿದು, “ಹೊಗೆ... ಹೊಗೆ ಚೆನ್ನಾಗಿ ಹಿಡಿದಿದೆ, ಹೊರೇಸ್,” ಎಂದರು. ಅಂಚೆಯಮ್ಮ, “ಸಕ್ಕರೆ ಹದವಾಗಿದೆ,” ಎಂದಳು. ಮೀನಿನ ವಿಷಯ ಯಾರೂ ಎತ್ತಲಿಲ್ಲ. ಮೀನು ಮೆಲ್ಲನೆ ಕಾಗದದ ಕರವಸ್ತ್ರಗಳೊಳಗೆ ಸೇರುತ್ತಿತ್ತು. ಹೊರೇಸನ ಎದೆ ಮತ್ತೆ ಉಬ್ಬತೊಡಗಿತು. ಇನ್ನು ಸ್ವಲ್ಪ ಹೊತ್ತು ಹೀಗೇ ನಡೆದಿದ್ದರೆ, ಕೆಂಪು ಕೊಕನಿಯೇ ಶ್ರೇಷ್ಠವೆಂದು ಅವನು ಭಾಷಣ ಮಾಡುತ್ತಿದ್ದನೋ ಏನೋ.

ಆಗ ಫೆನ್ಯಾ ಸಾರಿನ ಬಟ್ಟಲು ಹಿಡಿದು ಮೇಜಿನ ಮುಂದೆ ಬಂದು ನಿಂತಳು. “ನಾನಂತೂ ತಿನ್ನಲ್ಲ. ನೀನು ತಿಂದ್ಯಾ ಹೊರೇಸ್?”

“ಬಡಿಸೋನು ಕೊನೇಲಿ ತಿನ್ನೋದು.”

“ಎಲ್ರಿಗೂ ಆಯ್ತಲ್ಲ. ತಿನ್ನು.”

ಸಭಾಭವನವೆಲ್ಲ ಅವನ ಬಾಯಿಯನ್ನೇ ನೋಡಿತು. ಹೊರೇಸ್ ದೊಡ್ಡ ತುಂಡೊಂದನ್ನು ಬಾಯಿಗೆ ಹಾಕಿಕೊಂಡ. ಅಗಿದ. ನಿಲ್ಲಿಸಿದ. ಮತ್ತೆ ಅಗಿದ. ಕೊನೆಗೆ ನುಂಗಿ, ನೀರು ಕುಡಿದು, ಅಂಗೈ ಎತ್ತಿದ. “ಸಾಕು, ಯಾರೂ ತಿನ್ಬೇಡಿ. ಫೆನ್ಯಾ, ನಿನ್ನ ಜಾಡಿ ಎಲ್ಲಿವೆ?”

“ಹೊರಗೆ ಕಾರಲ್ಲಿ. ಬೀಗ ಹಾಕಿಲ್ಲ, ನೀನು ಬರ್ತೀಯ ಅಂತ ಗೊತ್ತಿತ್ತು.”

ಅವನು ಪೆಟ್ಟಿಗೆ ಹೊತ್ತು ತಂದ, ಎಲ್ಲರೆದುರಿಗೆ ಮುಚ್ಚಳ ತೆಗೆದ, ಒಂದೊಂದೇ ತಟ್ಟೆಗೆ ಬಡಿಸಿದ. ಏಪ್ರನ್ ಬಿಚ್ಚಿ ಫೆನ್ಯಾಳ ಕೈಗೆ ಕೊಟ್ಟ. ಮರ್ಯಾದಸ್ಥರೆಲ್ಲ ಮರ್ಯಾದೆ ಬಿಟ್ಟು ಎರಡೆರಡು ಸಲ ಬಡಿಸಿಕೊಂಡರು. ಈಡಿತ್ ಮೂರು ಸಲ.

ಅವನು ಏನಾದರೂ ಕಲಿತನೇ? ಕಲಿತ. ಮರುವರ್ಷ ಮೇ ತಿಂಗಳಲ್ಲಿ, ಬೆಟ್ಟದ ಹಿಮ ಇನ್ನೂ ಕರಗದಿರುವಾಗಲೇ, ಉಣ್ಣೆಯ ಟೋಪಿ ಹಾಕಿ ನಡುಗುತ್ತಾ ಸರೋವರದ ನಡುವೆ ಕುಳಿತಿದ್ದ. ಬಕೆಟ್ಟಿನಲ್ಲಿ ಅಂಗೈಯುದ್ದದ ಎರಡು ಮೀನುಗಳಿದ್ದವು.

“ಹೊರೇಸ್!” ಎಂದು ದಡದಿಂದ ಫೆನ್ಯಾ ಕೂಗಿದಳು. “ಅವಿನ್ನೂ ಎಳೆ ಕೂಸುಗಳು ಕಣೋ! ಇನ್ನೆರಡು ತಿಂಗಳಾದ್ರೂ ತಡಿಯೋ!”

“ಲಾಂಚು ಯಾರಿಗೂ ಕಾಯಲ್ಲ!” ಎಂದು ಅವನು ಕೂಗಿ ಹೇಳಿ, ಮತ್ತೆ ಗಾಳ ಎಸೆದ.