ಹೊನ್ನಕ್ಕನ ಪಾಲಿನ ಸೊಪ್ಪು

ಮಲ್ಲಿಪಟ್ಟಣದ ಹೊನ್ನಕ್ಕನ ಕಣ್ಣಿಗೆ ಪೊರೆ ಬಂದ ಸುದ್ದಿಗಿಂತ ಅವಳು ಮುದ್ದೆ ಬಿಟ್ಟ ಸುದ್ದಿ ಊರಲ್ಲಿ ಬೇಗ ಹರಡಿತು. ಐವತ್ತೆಂಟು ವರ್ಷ ಮುದ್ದೆ ಉಂಡ ಜೀವ ಅದು. ಕಳೆ ಕೀಳುವ ಸಾಲಿನಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದವಳಿಗೆ ಈಗ ಎದುರು ನಿಂತವರ ಮುಖವೂ ಮಸುಕು. ಆಪರೇಷನ್ನಿಗೆಂದು ಹಾಸನಕ್ಕೆ ಎರಡು ಸಲ ಹೋದಳು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲ ಎಂದು ಎರಡು ಸಲವೂ ವಾಪಸ್ ಕಳಿಸಿದರು. ಡಾಕ್ಟರು ಮಾತ್ರೆಗಳನ್ನು ಹೊಂದಿಸಿಕೊಟ್ಟು, ಊಟದ ವಿಚಾರ ನೋಡುವ ಮೇಘಶ್ರೀ ಎಂಬ ಹುಡುಗಿಯ ಹತ್ತಿರ ಹೋಗಿ ಎಂದರು.

ಮೇಘಶ್ರೀ ಹೇಳಿದ್ದು ಕೀಟೊ ಪಥ್ಯ. ಮುದ್ದೆ, ಅನ್ನ, ಕಾಳು, ಬೆಲ್ಲ ಎಲ್ಲ ಬಂದ್. ಮೊಟ್ಟೆ, ತುಪ್ಪ, ತೆಂಗಿನಕಾಯಿ, ಸೊಪ್ಪು ತಿನ್ನಬಹುದು.

"ಮುದ್ದೆ ಉಣ್ದೆ ಬದುಕಿರೋರ್ನ ಎಲ್ಲಾರ ಕಂಡಿದ್ದೀಯೇನೆ?" ಎಂದ ಗಂಡ ತಿಮ್ಮಪ್ಪ.

"ನಂಗೆ ಕಣ್ಣು ಬೇಕು," ಎಂದಳು ಹೊನ್ನಕ್ಕ. ಅಷ್ಟೇ, ಮಾತು ಮುಗಿಯಿತು.

ಮಾತು ಮುಗಿದರೇನು, ಹೊಟ್ಟೆ ಕೇಳಬೇಕಲ್ಲ. ಹತ್ತು ದಿನಕ್ಕೆ ಅದು ಕಲ್ಲಿನಂತೆ ಕಟ್ಟಿಕೊಂಡಿತು. ನಾಲ್ಕು ದಿನಕ್ಕೊಮ್ಮೆ ಹೊರಕಡೆಗೆ ಹೋದರೆ ಅದೇ ಪುಣ್ಯ. "ಸಾಕು ಕಣೆ, ಒಂದು ಮುದ್ದೆ ಉಂಡ್ಬುಡು" ಎಂದು ತಿಮ್ಮಪ್ಪ ದಿನಾ ಗೊಣಗಿದ. ಉಂಡರೆ ಸಕ್ಕರೆ ಏರುತ್ತದೆ, ಕಣ್ಣಿನ ಮಾತು ಮೂರನೇ ಸಲವೂ ಬಿದ್ದುಹೋಗುತ್ತದೆ. ಹೊನ್ನಕ್ಕ ಹಲ್ಲು ಕಚ್ಚಿಕೊಂಡು ಮತ್ತೆ ಹಾಸನದ ಬಸ್ಸು ಹತ್ತಿದಳು.

"ನಿಮ್ಮ ಊಟದಲ್ಲಿ ನಾರು ಸಾಲ್ತಿಲ್ಲಮ್ಮ," ಎಂದು ಮೇಘಶ್ರೀ ಒಂದು ಡಬ್ಬಿ ತೋರಿಸಿದಳು. ತಿಂಗಳಿಗೆ ಸಾವಿರದ ನಾನೂರು. ಅದರಲ್ಲೇನಿದೆ ಎಂದು ಕೇಳಿದ್ದಕ್ಕೆ, ಬೀಜದ ಹೊಟ್ಟು ಎಂದಳು.

"ಹೊಟ್ಟನ್ನ ನಾನು ಎಮ್ಮೆಗಾಕ್ತೀನಿ ಕಣವ್ವ!"

ಹುಡುಗಿ ನಕ್ಕಳು. ಒಳ್ಳೆಯವಳು, ಡಬ್ಬಿಯನ್ನು ಪಕ್ಕಕ್ಕಿಟ್ಟಳು. "ಹಾಗಾದ್ರೆ ಸೊಪ್ಪು ಜಾಸ್ತಿ ತಿನ್ನಿ. ತಿಂತಿದ್ದೀರಾ?"

"ಎರಡೊತ್ತೂ ಸೊಪ್ಪಿನ ಸಾರೇ."

"ಸಾರಲ್ಲಮ್ಮ. ಸೊಪ್ಪು ತಿಂತೀರಾ?"

ಹೊನ್ನಕ್ಕ ಊರಿನ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಅರಕಲಗೂಡು ದಾಟುವವರೆಗೂ ಅದೇ ಪ್ರಶ್ನೆ ತಲೆ ತಿಂದಿತು. ಬಸ್ಸಾರು ಮಾಡುವುದು ಹೇಗೆ? ಬೇಯಿಸಿದ ಸೊಪ್ಪನ್ನು ಬಸಿಯುತ್ತಾರೆ. ಬಸಿದ ನೀರಿಗೆ ಖಾರ ಅರೆದು ಹಾಕಿದರೆ ಸಾರು. ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಪಲ್ಯ ಗಂಡನ ತಟ್ಟೆಗೆ, ಮೈದುನ ಬೈರಯ್ಯನ ತಟ್ಟೆಗೆ, ಬಂದ ನೆಂಟರ ತಟ್ಟೆಗೆ. ಕೊನೆಗೆ ಅವಳು ಕೂರುವಾಗ ಪಾತ್ರೆಯಲ್ಲಿ ಉಳಿದಿರುವುದು ನೀರು. ಮದುವೆಯಾಗಿ ಬಂದಾಗಿನಿಂದ ಮೂವತ್ತೇಳು ವರ್ಷ ಅವಳ ಹೊಟ್ಟೆಯನ್ನು ನಡೆಸಿದ್ದು ರಾಗಿಯ ನಾರು. ರಾಗಿ ನಿಂತದ್ದೇ ಗುಟ್ಟು ರಟ್ಟಾಯಿತು. ದಿನಾ ಸೊಪ್ಪು ತಿನ್ನುತ್ತೇನೆ ಎಂದು ಅವಳು ಹೇಳಿದ್ದು ಸುಳ್ಳಲ್ಲ, ಹಾಗೇ ನಂಬಿದ್ದಳು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಕಟ್ಟಿದ ಪುಣ್ಯಾತ್ಮನಿಗೆ ಕೊನೆಯಲ್ಲಿ ಕೂತು ಉಣ್ಣುವವರ ಪಾಡು ಗೊತ್ತಿರಲಿಕ್ಕಿಲ್ಲ. ಹೊಟ್ಟೆ ಉರಿಯುವ ಮಾತಲ್ಲವೇ ಇದು?

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಮುದ್ದಮ್ಮನ ಕೈ ಹಿಡಿದು ಹೊಲಕ್ಕಿಳಿದಳು. ತಾನಾಗಿ ಹುಟ್ಟುವ ಬೆರಕೆ ಸೊಪ್ಪು ಕೀಳಲು ಆ ಕಡೆ ಯಾರ ಹೊಲವಾದರೂ ಆದೀತು, ಯಾರೂ ಬೇಡ ಎನ್ನುವುದಿಲ್ಲ. ಅಣ್ಣೆ, ಗಣಿಕೆ, ಕಿರಕಸಾಲೆ ಎಲ್ಲವನ್ನೂ ಹೊನ್ನಕ್ಕ ಬೆರಳಲ್ಲಿ ಸವರಿ, ಮೂಸಿ ಗುರುತು ಹಿಡಿದಳು. ಎಮ್ಮೆಗೆಂದು ಕಡಿದು ಹಾಕಿದ್ದ ಬಾಳೆದಿಂಡಿನಲ್ಲಿ ಒಂದು ಮೊಳ ತಂದಳು. ಹುಚ್ಚೆಳ್ಳು ಹುರಿದು ಕುಟ್ಟಿಟ್ಟಳು. ಕಾಸು ಬಿಚ್ಚುವ ಮಾತೇ ಬರಲಿಲ್ಲ.

ಮಧ್ಯಾಹ್ನ ಪಲ್ಯಕ್ಕೆ ಕಾಯಿ ತುರಿದು ಹಾಕಿ, ತಟ್ಟೆ ತುಂಬ ಬಡಿಸಿಕೊಂಡು, ನಡುಮನೆಯಲ್ಲಿ ಕೂತು ಉಣ್ಣತೊಡಗಿದಳು. ಕೈಕಾಲು ತೊಳೆದು ಬಂದ ತಿಮ್ಮಪ್ಪ ಹೊಸಿಲಲ್ಲೇ ನಿಂತ.

"ಏನೆ ಇದು, ಗಂಡಸ್ರು ಉಣ್ಣಾಕ್ ಮುಂಚೆ?"

"ಮುದ್ದೆ ಐತೆ, ಸಾರೈತೆ, ಉಣ್ಕಳಿ. ಇಷ್ಟ್ ವರ್ಸ ನಾನು ಉಣ್ನಿಲ್ವಾ?"

"ಊರೋರ್ ಕಂಡ್ರೆ ಏನಂದಾರು?"

"ಊರೋರು ದಿನಾ ಬಂದು ನನ್ ಕೈ ಹಿಡ್ದು ನಡುಸ್ತಾರಾ?"

ತಿಮ್ಮಪ್ಪ ಮುಖ ಊದಿಸಿಕೊಂಡು ನೀರುಸಾರಲ್ಲಿ ಮುದ್ದೆ ನುಂಗಿದ. ಯಾರೂ ಸಾಯಲಿಲ್ಲ. ನಾಲ್ಕನೇ ದಿನಕ್ಕೆ ಹೊನ್ನಕ್ಕನ ಹೊಟ್ಟೆ ಹಾದಿಗೆ ಬಂತು. ಪಲ್ಯ ಸಾಲದು ಎಂದು ಅವನು ರೇಗಿದಾಗ, "ಸಾಲ್ದಿದ್ರೆ ಕಿತ್ಕಂಬನ್ನಿ, ನಿಮ್ಗೇನು ಕಣ್ಣು ಕಾಣ್ದಾ?" ಎಂದಳು. ಅವನು ಒಂದು ದಿನ ಬೈದುಕೊಂಡು ಕಿತ್ತು ತಂದ. ಅದರಲ್ಲಿ ಅರ್ಧ ಹುಲ್ಲು.

ಎರಡು ತಿಂಗಳ ಮೇಲೆ ಹಾಸನದಲ್ಲಿ ರಕ್ತ ನೋಡಿದ ಡಾಕ್ಟರು ಸಕ್ಕರೆ ಇಳಿದಿದೆ ಎಂದು, ಮುಂದಿನ ಗುರುವಾರ ಆಪರೇಷನ್ ಎಂದು ಬರೆದುಕೊಟ್ಟರು. ಹೊನ್ನಕ್ಕ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಖುಷಿಗೆ ಅಳು ಬಂತು, ಅತ್ತಳು.

ತಿಮ್ಮಪ್ಪನಿಗೂ ಜೀವ ನಿರಾಳವಾಯಿತು. "ಅಂತೂ ಗೆದ್ದೆ ಬುಡು," ಎಂದ. "ಕಣ್ಣಿನ್ ಕೆಲ್ಸ ಮುಗುದ್ಮೇಲೆ ಮೊದ್ಲಿನಂಗೆ ನಮ್ಗೆ ಬಡುಸ್ಬುಟ್ಟು ಉಣ್ಣು."

"ಕಣ್ಣಿಗೆ ಅಂತ್ಲೇ ಸುರು ಮಾಡ್ದೆ, ನಿಜ," ಎಂದಳು ಹೊನ್ನಕ್ಕ. "ಅಸಿವು ಮೊದ್ಲಿಂದ್ಲೂ ಇತ್ತು. ನಾಳೆನೂ ಮೊದ್ಲು ನಾನೇ ಉಣ್ಣಾದು."