ಹಾಡು ಬೇಯಿಸುವ ಟೇಪಕ್ಕ

ಬೆಳಗಿನ ಜಾವ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಟೇಪಕ್ಕ ಉಸಿರು ಬಿಗಿಹಿಡಿದು ಪೆಟ್ಟಿಗೆಯೊಂದರ ಬಾಗಿಲು ತೆಗೆಯುತ್ತಾರೆ. ಅದು ಹಣ್ಣು ಒಣಗಿಸುವ ಕರೆಂಟಿನ ಪೆಟ್ಟಿಗೆ. ಒಳಗಿರುವುದು ಮಾತ್ರ ಹಣ್ಣಲ್ಲ, ಊಟದ ತಟ್ಟೆಯಗಲದ ಟೇಪಿನ ಸುರುಳಿ. ರಾತ್ರಿಯಿಡೀ ಹದವಾದ ಶಾಖದಲ್ಲಿ ಬೆಂದಿದೆ. ಬೆರಳ ತುದಿಯಿಂದ ಮುಟ್ಟಿ, "ಅಂಟು ಬಿಟ್ಟಿದೆ ಕಣ್ರೀ!" ಎನ್ನುವಾಗ ಅವರು ಕುಣಿಯುವುದೊಂದು ಬಾಕಿ. ಅವರ ಕೆಲಸ ನೋಡಲೆಂದು ಬಂದ ನನಗೂ ಮೈ ಜುಮ್ಮೆನ್ನುತ್ತದೆ.

ಹಳೆಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಇಳಿಸಿ, ಯಾರು ಬೇಕಾದರೂ ಮೊಬೈಲಿನಲ್ಲೇ ಕೇಳುವಂತೆ ಅಂತರ್ಜಾಲಕ್ಕೆ ಏರಿಸುವ ಸಂಗ್ರಹಾಲಯವಿದು. ಹೆಸರು ಬರುವುದು ವೇದಿಕೆ ಹತ್ತುವವರಿಗೆ, ಬೆನ್ನು ನೋಯುವುದು ಟೇಪಕ್ಕನಿಗೆ. ಥಂಡಿ ಹಿಡಿದು ಅಂಟಂಟಾದ ಟೇಪನ್ನು ಹಾಗೇ ಓಡಿಸಿದರೆ ಹಾಡೆಲ್ಲ ಕಂದು ಪುಡಿಯಾಗಿ ಉದುರಿಹೋಗುತ್ತದೆ. ಬೇಯಿಸಿದರೆ ಕೆಲವು ದಿನ ಜೀವ ಹಿಡಿದಿರುತ್ತದೆ, ಅಷ್ಟರೊಳಗೆ ಇಳಿಸಿಕೊಳ್ಳಬೇಕು. ಯಂತ್ರ ರಿಪೇರಿಗೆಂದು ಸೇರಿದ ಟೇಪಕ್ಕ ಈ ಕೆಲಸವನ್ನು ಕೈ ಸುಟ್ಟುಕೊಂಡೇ ಕಲಿತದ್ದು. "ಮೊದ್ಲು ಮೊದ್ಲು ಒಂದು ಟೇಪು ಸೊಟ್ಟಗಾಗಿ ಕೂತ್ಬಿಡ್ತು. ಒಂದು ವಾರ ಊಟ ಸೇರ್ಲಿಲ್ಲ ನಂಗೆ" ಎನ್ನುತ್ತಾರೆ. ವಾರಕ್ಕೆ ಹತ್ತು ಸುರುಳಿ ಮುಗಿದರೆ ಹೆಚ್ಚು. ಗೋದಾಮಿನಲ್ಲಿ ಇನ್ನೂ ಸಾವಿರಾರು ಕಾದಿವೆ. ಬಸ್ ಓಡಿಸುವ ಗಂಡ ಕಿಚಾಯಿಸುತ್ತಾರಂತೆ: "ಮನೇಲಿ ಅನ್ನ ಸೀಯತ್ತೆ, ಆಫೀಸಲ್ಲಿ ಟೇಪು ಹದವಾಗಿ ಬೇಯತ್ತೆ!"

ಇವತ್ತಿನದು ನೇಕಾರ ಹೆಂಗಸೊಬ್ಬರ ಹಾಡುಗಳು. ಐವತ್ತು ವರ್ಷ ಹಳೆಯ ಟೇಪು. ಮುದ್ರಣವಾದ ವರ್ಷವೇ ಹಾಡಿದಾಕೆ ತೀರಿಕೊಂಡರು. ಮಗಳು ಆಗ ಇನ್ನೂ ಸಣ್ಣವಳು. ಅಮ್ಮನ ಒಂದು ಫೋಟೊ ಕೂಡ ಆ ಮಗಳ ಬಳಿ ಇಲ್ಲ. ಅಮ್ಮ ಅಂತ ಉಳಿದಿರುವುದು ಈ ಸುರುಳಿ ಒಂದೇ, ಅದನ್ನು ಕೇಳಲು ಇವತ್ತು ಬರುತ್ತಿದ್ದಾರೆ. ಟೇಪಕ್ಕ ಕಿವಿಗೆ ಹೆಡ್‌ಫೋನ್ ಏರಿಸಿ ಸುರುಳಿ ಓಡಲು ಬಿಡುತ್ತಾರೆ. ಎಲ್ಲೂ ಕಚ್ಚಿಕೊಳ್ಳದೆ, ತುಂಡಾಗದೆ ಅದು ಕೊನೆ ಮುಟ್ಟುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಸದ್ದುಗದ್ದಲವನ್ನೆಲ್ಲ ಒರೆಸಿ ಹಾಡನ್ನು ತೊಳೆದಿಟ್ಟಂತೆ ಮಾಡುತ್ತಾರೆ. ಮುಖದಲ್ಲಿ ಗೆದ್ದ ಕಳೆ.

ಹತ್ತು ಗಂಟೆಗೆ ಬಂದ ಮಗಳು ನೇಕಾರಮ್ಮನೂ ಅಮ್ಮನಂತೆ ಮಗ್ಗದ ಮುಂದೆಯೇ ಕೂದಲು ನರೆಸಿಕೊಂಡವರು. ಹಾಡು ಶುರುವಾಗುತ್ತದೆ. ಅವರ ಹುಬ್ಬು ಗಂಟಿಕ್ಕುತ್ತದೆ.

"ದನಿ ಅಮ್ಮಂದೇ ಇರ್ಬೇಕು. ಆದ್ರೆ ಮಗ್ಗ ಎಲ್ಲಿ ಹೋಯ್ತಮ್ಮ? ಸುಮ್ನೆ ಕೂತು ಹಾಡೋಕೆ ನಮ್ಮಮ್ಮಂಗೆಲ್ಲಿ ಪುರುಸೊತ್ತಿತ್ತು?"

ಟೇಪಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಅಯ್ಯೋ, ಹಾಡು ಚೆನ್ನಾಗಿ ಕೇಳ್ಲಿ ಅಂತ ನಾನೇ ಒರೆಸಿಬಿಟ್ನಲ್ಲ!"

ಸದ್ಯ, ಒರೆಸಿದ್ದು ನಕಲಿನಲ್ಲಿ. ಟೇಪಿನಿಂದ ಇಳಿದ ಮೊದಲ ಪ್ರತಿಯನ್ನು ಮುಟ್ಟಲು ಅವರು ಯಾರಿಗೂ ಬಿಡುವುದಿಲ್ಲ, ತಾವೂ ಮುಟ್ಟುವುದಿಲ್ಲ. ಅದನ್ನೇ ಹಾಕುತ್ತಾರೆ. ಟಕ್ ಟಕಾ, ಟಕ್ ಟಕಾ. ಅಬ್ಬಾ! ಈಗ ಹಾಡಿಗೆ ಕೈಕಾಲು ಬಂದಿದೆ. ಮೇಜಿನ ಕೆಳಗೆ ನೇಕಾರಮ್ಮನ ಪಾದಗಳು ತಮ್ಮಷ್ಟಕ್ಕೆ ನೆಲ ತುಳಿಯತೊಡಗುತ್ತವೆ. ನಾನೂ ಕಾಲು ಕುಟ್ಟುತ್ತೇನೆ.

ಇದ್ದಕ್ಕಿದ್ದಂತೆ ಮಗ್ಗ ನಿಲ್ಲುತ್ತದೆ. ಹಾಡುತ್ತಿದ್ದ ದನಿಯೇ ಗದರುತ್ತದೆ: "ಏ ಕೋತಿ! ಲಾಳಿ ಇಲ್ಲಿ ಕೊಡೇ! ಕೈಗೆ ಸಿಕ್ಕು, ತೊಡೆ ಚಿವುಟ್ತೀನಿ ನೋಡು!" ನೂಲಿನ ಲಾಳಿ ಠಕ್ಕನೆ ನೆಲಕ್ಕೆ ಬೀಳುತ್ತದೆ, ಮಗುವೊಂದು ಕಿಲಕಿಲ ನಗುತ್ತ ದೂರ ಓಡುತ್ತದೆ. ಮತ್ತೆ ಟಕ್ ಟಕಾ, ಮತ್ತೆ ಹಾಡು.

ನೇಕಾರಮ್ಮ ಟೇಪಕ್ಕನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. "ನಾನೇ ಅದು! ಆ ಕೋತಿ ನಾನೇ!" ಅಳುತ್ತಾರೆ, ನಗುತ್ತಾರೆ, ಇನ್ನೊಮ್ಮೆ ಹಾಕು ಎನ್ನುತ್ತಾರೆ. ನಮ್ಮಿಬ್ಬರ ಕಣ್ಣೂ ಒದ್ದೆ, ನಾಚಿಕೆಯೇನೂ ಇಲ್ಲ.

"ಇಂಥದ್ದು ಇನ್ನೆಷ್ಟಿವೆಯೋ ಗೋದಾಮಲ್ಲಿ. ಪುಡಿಯಾಗೋಕೆ ಮುಂಚೆ ಎಲ್ಲಾನೂ ಬೇಯಿಸಿಬಿಡ್ಬೇಕು, ಅಷ್ಟೇ ನಂಗೆ" ಎನ್ನುತ್ತ ಟೇಪಕ್ಕ ಮೂಗು ಒರೆಸಿಕೊಳ್ಳುತ್ತಾರೆ. ಆಮೇಲೆ ಕೇಳುತ್ತಾರೆ: "ಅಮ್ಮಾ, ಸಂಜೆ ಇದನ್ನ ಎಲ್ರಿಗೂ ಕೇಳೋ ಹಾಗೆ ಏರಿಸ್ತೀನಿ. ಮಗ್ಗ ಇರತ್ತೆ. ಆ ಬೈದಿದ್ದು ಮಾತ್ರ ತೆಗೀಲಾ?"

"ಮುಟ್ಬೇಡ!" ನೇಕಾರಮ್ಮ ಸೆಟೆದು ಕೂರುತ್ತಾರೆ. "ಲೋಕಕ್ಕೆಲ್ಲ ಕೇಳ್ಲಿ. ನಂಗೂ ಬಯ್ಯೋಕೆ ಒಬ್ಳು ಅಮ್ಮ ಇದ್ಲು."